ಅಪ್‌ಗ್ರೇಡ್ ಲೆಕ್ಕ: ಹಳೇ ಗಿರಾಕಿಗೆ ಸಿಕ್ಕಿದ್ದೆಷ್ಟು?

ಸಂಗೀತದ ತಂತ್ರಾಂಶಕ್ಕೆ ಕೊಡುವ ಹಣ ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಮೊದಲು ಕೊಡುವ ದೊಡ್ಡ ಮೊತ್ತ ಒಂದು. ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿಗೆಂದು ತೆರುವ ಹಣ ಇನ್ನೊಂದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸಣ್ಣ ಸ್ಟುಡಿಯೋಗಳವರು ಮೊದಲನೆಯದನ್ನು ಹೇಗೋ ಹೊಂದಿಸುತ್ತಾರೆ. ತಲೆಬಿಸಿ ಶುರುವಾಗುವುದು ಎರಡನೆಯದರಿಂದ. ಅರ್ಧ ಲಕ್ಷ ಕೊಟ್ಟು ಕೊಂಡದ್ದಕ್ಕೆ ಮತ್ತೆ ಯಾಕೆ ದುಡ್ಡು, ಇಷ್ಟು ವರ್ಷ ಒಂದೇ ಕಂಪನಿಯನ್ನು ನಂಬಿದ್ದಕ್ಕೆ ಏನಾದರೂ ಅನುಕೂಲ ಉಂಟೋ ಇಲ್ಲವೋ, ಹಳತರಲ್ಲೇ ಮುಂದುವರಿದರೆ ಆಗುವುದೇನು ಎಂಬ ಮೂರು ಪ್ರಶ್ನೆಗಳು ಈ ವೃತ್ತಿಯಲ್ಲಿ ಸದಾ ಇರುವಂಥವು. ಉತ್ತರ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಲೆಕ್ಕ ಹಾಕುವ ಕ್ರಮ ಒಂದೇ.

ಈ ಮೂರು ತಾಲೂಕುಗಳಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಬರಗಾಲವಿಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದಂಥ ಬಡಗುತಿಟ್ಟಿನ ಯಕ್ಷಗಾನ ಮೇಳಗಳು ಇಲ್ಲಿಯವು. ಆಟದ ನೇರ ಮುದ್ರಣ, ತಾಳಮದ್ದಳೆ, ಭಾಗವತರ ಪದ್ಯಗಳ ಸಂಗ್ರಹ, ದೇವಸ್ಥಾನದ ಭಕ್ತಿಗೀತೆ, ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡಿನ ಟ್ರ್ಯಾಕ್, ಕುಂದಾಪ್ರ ಕನ್ನಡದ ಹಾಡು ಮತ್ತು ಹಾಸ್ಯದ ವಿಡಿಯೋ, ಕಿರುಚಿತ್ರದ ಹಿನ್ನೆಲೆ ಸಂಗೀತ ಹೀಗೆ ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ವರಾಹಿ ದಡದ ಬಸ್ರೂರಿನವರಾದ ರವಿ ಬಸ್ರೂರು 2014ರ ‘ಉಗ್ರಂ’ನಿಂದ ಹೆಸರಾಗಿ, 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳಿಗೆ ಸಂಗೀತ ಕೊಟ್ಟು, ಹುಟ್ಟೂರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡ ಮೇಲೆ ಒಂದು ವಿಷಯ ಖಚಿತವಾಯಿತು. ದೊಡ್ಡ ಸಿನಿಮಾದ ಸಂಗೀತಕ್ಕೆ ಬೆಂಗಳೂರು, ಚೆನ್ನೈಗಳಲ್ಲೇ ಕೂರಬೇಕೆಂದಿಲ್ಲ. ಒಳ್ಳೆಯ ಕೋಣೆ, ಒಳ್ಳೆಯ ಮೈಕು, ಗಟ್ಟಿ ಕಂಪ್ಯೂಟರು, ಅದರೊಳಗೆ ಸರಿಯಾದ ತಂತ್ರಾಂಶ ಇದ್ದರೆ ಊರಲ್ಲೇ ಆಗುತ್ತದೆ. ಊರಿನ ಹುಡುಗರು ಈ ವೃತ್ತಿಗೆ ಇಳಿಯುವ ಧೈರ್ಯ ಮಾಡಿದ್ದಕ್ಕೆ ಇದೂ ಒಂದು ಕಾರಣ. ಅವರು ಮೊದಲು ಎದುರಿಸುವುದು ಬೆಲೆಪಟ್ಟಿಯನ್ನು.

ಸ್ಟುಡಿಯೋಗೆ ಬೇಕಾದ ತಂತ್ರಾಂಶಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಧ್ವನಿಯನ್ನು ಟ್ರ್ಯಾಕುಗಳಾಗಿ ಮುದ್ರಿಸಿ, ಕತ್ತರಿಸಿ, ಜೋಡಿಸಿ, ಮಿಕ್ಸ್ ಮಾಡುವ ಮುಖ್ಯ ತಂತ್ರಾಂಶ ಮೊದಲನೆಯದು. ಕ್ಯೂಬೇಸ್, ಪ್ರೋ ಟೂಲ್ಸ್, ಲಾಜಿಕ್, ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ, ರೀಪರ್ ಈ ಗುಂಪಿನವು. ಅದರೊಳಗೆ ಕೂತು ಧ್ವನಿಯನ್ನು ತಿದ್ದುವ ಪ್ಲಗಿನ್‌ಗಳು ಎರಡನೆಯದು. ಪಿಟೀಲು, ಕೊಳಲು, ಡ್ರಮ್ಸ್ ಮುಂತಾದವುಗಳ ಮುದ್ರಿತ ನಾದವನ್ನು ಕೀಬೋರ್ಡಿನಲ್ಲಿ ನುಡಿಸಲು ಒದಗಿಸುವ ಸ್ಯಾಂಪಲ್ ಸಂಗ್ರಹಗಳು ಮೂರನೆಯದು. ಕೊಂಟಾಕ್ಟ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಪಾಶ್ಚಾತ್ಯ ಸ್ವರಲಿಪಿ ಬರೆಯುವ ಸಿಬೆಲಿಯಸ್, ಡೊರಿಕೋದಂಥವು ನಾಲ್ಕನೆಯದು. ಸಿನಿಮಾ ಕೆಲಸ ಬಿಟ್ಟರೆ ಇಲ್ಲಿ ಅವುಗಳ ಬಳಕೆ ಕಡಿಮೆ. ಇತ್ತೀಚಿನ ವರ್ಷಗಳ ಪಟ್ಟಿ ಬೆಲೆಯಂತೆ ಕ್ಯೂಬೇಸ್ ಪ್ರೋಗೆ ಸುಮಾರು 580 ಡಾಲರ್, ಏಬಲ್ಟನ್ ಲೈವ್ ಸೂಟ್‌ಗೆ ಸುಮಾರು 750, ಲಾಜಿಕ್ ಪ್ರೋಗೆ 200, ಕೊಂಟಾಕ್ಟ್‌ಗೆ 300. ಡಾಲರಿಗೆ 85 ರೂಪಾಯಿ ಹಿಡಿದರೂ ಕ್ಯೂಬೇಸ್ ಒಂದಕ್ಕೇ 49 ಸಾವಿರ ದಾಟುತ್ತದೆ.

ಇಷ್ಟು ಕೊಟ್ಟು ಕೊಂಡದ್ದು ಒಂದು ವಸ್ತುವಲ್ಲ, ಬಳಸಲು ಅನುಮತಿ. ಚೆಂಡೆ ಕೊಂಡವನು ವರ್ಷ ಕಳೆದಂತೆ ಹೊಸ ಚರ್ಮ ಹಾಕಿಸಬೇಕಾದೀತು. ಆದರೆ ಚೆಂಡೆ ಮಾಡಿಕೊಟ್ಟವನು ಅಂಗಡಿ ಮುಚ್ಚಿದನೆಂದು ಅದು ನುಡಿಯುವುದನ್ನು ನಿಲ್ಲಿಸುವುದಿಲ್ಲ. ತಂತ್ರಾಂಶ ಸಾಮಾನ್ಯವಾಗಿ ಹಾಗಲ್ಲ. ಕಂಪ್ಯೂಟರು ಬದಲಿಸಿದಾಗ ಅದು ಕಂಪನಿಯ ಸರ್ವರನ್ನು ಕೇಳಿ, ‘ಇವರು ನಮ್ಮ ಗಿರಾಕಿಯೇ’ ಎಂಬ ಉತ್ತರ ಬಂದ ಮೇಲೆಯೇ ತೆರೆಯುತ್ತದೆ. ಸರ್ವರೇ ಇಲ್ಲದ ದಿನ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದಷ್ಟೇ ಗತಿ. ಹಾಗಾಗಿ ಕೊಳ್ಳುವವನು ಬೆಲೆಯ ಜೊತೆಗೆ ಕಂಪನಿಯ ನಡವಳಿಕೆಯನ್ನೂ ಕೊಳ್ಳುತ್ತಾನೆ.

ಬೆಲೆಪಟ್ಟಿಯಲ್ಲಿ ಕಾಣುವ ಕೆಲವು ಏರ್ಪಾಡುಗಳನ್ನು ಬಿಡಿಸಿ ನೋಡಬೇಕು. ಇದ್ದ ಆವೃತ್ತಿಯ ದೋಷ ಸರಿಪಡಿಸುವ ಸಣ್ಣ ತಿದ್ದುಪಡಿ ಅಪ್‌ಡೇಟ್. ಇದು ಸಾಮಾನ್ಯವಾಗಿ ಉಚಿತ. ಹದಿಮೂರರಿಂದ ಹದಿನಾಲ್ಕಕ್ಕೆ ಎಂಬಂತೆ ಹೊಸ ಆವೃತ್ತಿಗೆ ಏರುವುದು ಅಪ್‌ಗ್ರೇಡ್. ಹಳೇ ಗಿರಾಕಿಗೆ ಇದು ಕಡಿಮೆ ದರಕ್ಕೆ ಸಿಗುತ್ತದೆ. ಕ್ಯೂಬೇಸ್ ಪ್ರೋದಲ್ಲಿ ಒಂದು ಆವೃತ್ತಿ ಏರಲು ಸುಮಾರು 100 ಡಾಲರ್. ಹೆಚ್ಚು ಹಿಂದೆ ಉಳಿದವನಿಗೆ ದರವೂ ಹೆಚ್ಚು. ಪ್ರತಿಸ್ಪರ್ಧಿಯ ತಂತ್ರಾಂಶ ಇದ್ದವನನ್ನು ಸೆಳೆಯಲು ಕೊಡುವ ರಿಯಾಯಿತಿ ಕ್ರಾಸ್‌ಗ್ರೇಡ್. ಇದಕ್ಕೆ ಹಳೆಯ ಖರೀದಿಯ ದಾಖಲೆ ತೋರಿಸಬೇಕು. ಹೊಸ ಆವೃತ್ತಿ ಹೊರಬರುವ ಕೆಲವೇ ವಾರ ಮೊದಲು ಹಳತನ್ನು ಕೊಂಡವನಿಗೆ ಹೊಸತನ್ನು ಪುಕ್ಕಟೆ ಕೊಡುವ ಪದ್ಧತಿ ಹಲವು ಕಂಪನಿಗಳಲ್ಲಿದೆ. ವಿದ್ಯಾರ್ಥಿ, ಶಿಕ್ಷಕರಿಗೆ ಪ್ರತ್ಯೇಕ ದರ ಇರುತ್ತದೆ. ಕುಂದಾಪುರದಲ್ಲೋ ಬ್ರಹ್ಮಾವರದಲ್ಲೋ ಕಾಲೇಜು ಓದುತ್ತಲೇ ಹಾಡು ಮಾಡುವ ಹುಡುಗ ಗುರುತುಚೀಟಿ ಇರುವಾಗಲೇ ಇದನ್ನು ವಿಚಾರಿಸುವುದು ಲಾಭ. ಆದರೆ ಈ ದರದಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ ಬೇರೆಯವರಿಗೆ ಮಾರುವಂತಿಲ್ಲ.

ಕಂಪನಿಗಳು ಮತ್ತೆ ಮತ್ತೆ ಹಣ ಕೇಳುವುದಕ್ಕೆ ಬರೀ ದುರಾಸೆ ಕಾರಣವಲ್ಲ. ಸ್ಟುಡಿಯೋ ನಡೆಸುವವರ ಸಂಖ್ಯೆ ಮಿತವಾದದ್ದು. ಬೇಕಾದವರೆಲ್ಲ ಒಮ್ಮೆ ಕೊಂಡಾದ ಮೇಲೆ ಹೊಸ ಮಾರಾಟ ಕುಸಿಯುತ್ತದೆ, ಎಂಜಿನಿಯರುಗಳ ಸಂಬಳ ಮಾತ್ರ ತಿಂಗಳು ತಿಂಗಳು ಆಗಲೇಬೇಕು. ಇನ್ನೊಂದೆಡೆ ಆ್ಯಪಲ್, ಮೈಕ್ರೋಸಾಫ್ಟ್‌ಗಳು ನೆಲವನ್ನೇ ಕದಲಿಸುತ್ತಿರುತ್ತವೆ. 2019ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್‌ನ ಹಳೆಯ ತಂತ್ರಾಂಶಗಳನ್ನೆಲ್ಲ ಒಂದೇ ಏಟಿಗೆ ಹೊರಗಿಟ್ಟಿತು. 2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಚಿಪ್ಪಿನ ಯಂತ್ರಗಳನ್ನು ತಂದಾಗ ಪ್ಲಗಿನ್ನುಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಈ ದುರಸ್ತಿಯ ಖರ್ಚು ಎಲ್ಲಿಂದಾದರೂ ಹುಟ್ಟಬೇಕು. ತಕರಾರು ಇರುವುದು ಹಣ ಕೇಳುವುದರ ಬಗ್ಗೆ ಅಲ್ಲ, ಯಾರಿಂದ ಎಷ್ಟು ಮತ್ತು ಯಾವ ಷರತ್ತಿನ ಮೇಲೆ ಎಂಬುದರ ಬಗ್ಗೆ.

ಹಣ ಕೇಳುವ ಬಗೆಯಲ್ಲಿ ಐದು ದಾರಿಗಳು ರೂಢಿಯಲ್ಲಿವೆ. ಮೊದಲನೆಯದು ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ದಾರಿ. ಬೆಲ್ಜಿಯಂನ ಇಮೇಜ್ ಲೈನ್ ಕಂಪನಿ ಎಫ್‌ಎಲ್ ಸ್ಟುಡಿಯೋ ಕೊಂಡವರಿಗೆ ಜೀವನಪರ್ಯಂತ ಹೊಸ ಆವೃತ್ತಿ ಉಚಿತ ಎಂದು ಹೇಳಿ, ಹಾಗೆಯೇ ನಡೆದುಕೊಂಡು ಬಂದಿದೆ. ಆ್ಯಪಲ್‌ನ ಲಾಜಿಕ್‌ನಲ್ಲೂ ಅನುಭವ ಅದೇ: 2013ರಲ್ಲಿ ಲಾಜಿಕ್ ಪ್ರೋ ಎಕ್ಸ್ ಕೊಂಡವನಿಗೆ 2024ರ ಮೇ ತಿಂಗಳಲ್ಲಿ ಬಂದ ಹನ್ನೊಂದನೇ ಆವೃತ್ತಿಯೂ ಪುಕ್ಕಟೆಯಾಗಿ ದಕ್ಕಿತು. ಹೊಸ ಲಾಜಿಕ್ ಹಳೆಯ ಮ್ಯಾಕ್‌ನಲ್ಲಿ ಓಡುವುದಿಲ್ಲವಾದ್ದರಿಂದ ಯಂತ್ರಕ್ಕೆ ಹಣ ಕಟ್ಟಬೇಕಾಗುತ್ತದೆ, ಆ ಮಾತು ಬೇರೆ. ಎರಡನೆಯ ದಾರಿ ರೀಪರ್‌ನದು. ಒಂದು ಲೈಸೆನ್ಸ್ ಎರಡು ಮುಖ್ಯ ಆವೃತ್ತಿಗಳ ತನಕ ನಡೆಯುತ್ತದೆ. ವೈಯಕ್ತಿಕ ಬಳಕೆಗೂ ಸಣ್ಣ ವ್ಯವಹಾರಕ್ಕೂ 60 ಡಾಲರ್, ದೊಡ್ಡ ವ್ಯವಹಾರಕ್ಕೆ 225. ಮೂರನೆಯದು ಪ್ರತಿ ಆವೃತ್ತಿಗೂ ಬೇರೆ ಹಣ; ಕ್ಯೂಬೇಸ್, ಏಬಲ್ಟನ್ ಈ ಕ್ರಮದವು. ನಾಲ್ಕನೆಯದು ವಾರ್ಷಿಕ ಯೋಜನೆ. ಮತ್ತೊಂದು ಮುಖ್ಯ ತಂತ್ರಾಂಶವಾದ ಬಿಟ್‌ವಿಗ್‌ನಲ್ಲಿ ಹನ್ನೆರಡು ತಿಂಗಳಲ್ಲಿ ಬಂದದ್ದೆಲ್ಲ ಸಿಗುತ್ತದೆ; ಯೋಜನೆ ಮುಗಿದರೂ ಅಲ್ಲಿಯವರೆಗಿನ ಆವೃತ್ತಿ ಗಿರಾಕಿಯದೇ. ವೇವ್ಸ್ ಪ್ಲಗಿನ್‌ಗಳಲ್ಲೂ ಇದೇ ತತ್ವ. ಐದನೆಯದು ಚಂದಾ: ಕಟ್ಟಿದಷ್ಟು ದಿನ ಬಳಕೆ, ನಿಲ್ಲಿಸಿದರೆ ಬಾಗಿಲು ಬಂದ್. ಪ್ರೋ ಟೂಲ್ಸ್‌ನ ಆರ್ಟಿಸ್ಟ್ ಆವೃತ್ತಿಗೆ ವರ್ಷಕ್ಕೆ 99 ಡಾಲರ್, ಸ್ಟುಡಿಯೋ ಆವೃತ್ತಿಗೆ 299 ಎಂಬುದು ಅದರ ಪಟ್ಟಿ ದರ. ಅಡೋಬಿ 2013ರಲ್ಲೇ ಪೂರ್ತಿ ಈ ದಾರಿ ಹಿಡಿದದ್ದರಿಂದ ಅದರ ಧ್ವನಿ ತಂತ್ರಾಂಶ ಆಡಿಷನ್ ಬಳಸುವವರಿಗೂ ಬೇರೆ ಉಪಾಯವಿಲ್ಲ.

ಆರು ವರ್ಷದ ಲೆಕ್ಕ ಹಾಕಿದರೆ ದಾರಿಗಳ ನಡುವಿನ ಅಂತರ ತಿಳಿಯುತ್ತದೆ. 580 ಡಾಲರ್ ಕೊಟ್ಟು ಕೊಂಡು, ಆರು ವರ್ಷದಲ್ಲಿ ಮೂರು ಬಾರಿ ನೂರು ಡಾಲರಿನಂತೆ ಅಪ್‌ಗ್ರೇಡ್ ಮಾಡಿಕೊಂಡವನು ಒಟ್ಟು 880 ಡಾಲರ್ ಕೊಡುತ್ತಾನೆ. ಅಂದರೆ ಸುಮಾರು 75 ಸಾವಿರ ರೂಪಾಯಿ. ವರ್ಷಕ್ಕೆ 299 ಡಾಲರ್ ಚಂದಾ ಕಟ್ಟಿದವನಿಗೆ 1,794 ಡಾಲರ್, ಅಂದರೆ ಒಂದೂವರೆ ಲಕ್ಷ ಮೀರುತ್ತದೆ. ಮೊದಲಿನವನು ಏಳನೇ ವರ್ಷ ಒಂದು ಪೈಸೆ ಕೊಡದೆಯೂ ಕೆಲಸ ಮುಂದುವರಿಸಬಹುದು. ಎರಡನೆಯವನಿಗೆ ಆ ಸ್ವಾತಂತ್ರ್ಯವಿಲ್ಲ. ಚಂದಾ ನಿಲ್ಲಿಸಿ ಪ್ರೋ ಟೂಲ್ಸ್‌ನ ಉಚಿತ ಇಂಟ್ರೋ ಆವೃತ್ತಿಗೆ ಇಳಿದರೆ ಆಡಿಯೋ ಟ್ರ್ಯಾಕುಗಳ ಮಿತಿ ಎಂಟು. ಒಂದು ಯಕ್ಷಗಾನದ ನೇರ ಮುದ್ರಣವನ್ನೇ ತೆಗೆದುಕೊಂಡರೆ ಭಾಗವತರಿಗೆ ಒಂದು ಮೈಕು, ಮದ್ದಳೆಯ ಎರಡು ಬದಿಗೆ ಎರಡು, ಚೆಂಡೆಗೆ ಒಂದು, ಶ್ರುತಿಗೆ ಒಂದು, ರಂಗದ ಮೇಲಿನ ಮಾತಿಗೆ ಕನಿಷ್ಠ ಮೂರು. ಅಲ್ಲಿಗೇ ಎಂಟೂ ಮುಗಿದು, ಪ್ರೇಕ್ಷಕರ ಸದ್ದು ಹಿಡಿಯಲು ಜಾಗ ಇಲ್ಲ. ಹಾಗೆಂದು ಚಂದಾ ಎಲ್ಲರಿಗೂ ನಷ್ಟವಲ್ಲ. ಒಂದು ಸಿನಿಮಾದ ಕೆಲಸಕ್ಕೆಂದು ನಾಲ್ಕು ತಿಂಗಳ ಮಟ್ಟಿಗೆ ಪ್ರೋ ಟೂಲ್ಸ್ ಬೇಕಾದವನಿಗೆ ತಿಂಗಳ ಚಂದಾವೇ ಅಗ್ಗ. ನಿತ್ಯ ಬಳಸುವವನಿಗೆ ಮಾತ್ರ ಅದು ಬಾಡಿಗೆ ಮನೆಯಷ್ಟೇ.

ಹಳೇ ಗಿರಾಕಿಯ ಅಸಮಾಧಾನ ಹುಟ್ಟುವುದು ಹೊಸಬನಿಗೆ ಸಿಗುವ ರಿಯಾಯಿತಿ ನೋಡಿದಾಗ. ಪೂರ್ತಿ ಬೆಲೆ ಕೊಟ್ಟು ಕೊಂಡು ವರ್ಷಾನುಗಟ್ಟಲೆ ಅಪ್‌ಗ್ರೇಡ್ ಮಾಡಿಸಿಕೊಂಡವನ ಎದುರೇ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಮಾರಾಟದಲ್ಲಿ ಹೊಸಬನಿಗೆ ಅರ್ಧ ಬೆಲೆಗೆ ಇತ್ತೀಚಿನ ಆವೃತ್ತಿ ಸಿಗುತ್ತದೆ. ಮುಖ್ಯ ತಂತ್ರಾಂಶದ ಮಟ್ಟಿಗೆ ಈ ದೂರು ಅಷ್ಟು ಗಟ್ಟಿಯಲ್ಲ. ಹಳಬ ಅಷ್ಟು ವರ್ಷ ಅದರಿಂದ ದುಡಿದುಕೊಂಡಿದ್ದಾನೆ. ಪ್ಲಗಿನ್‌ಗಳಲ್ಲಿ ಮಾತ್ರ ದೂರಿಗೆ ಬಲವಿದೆ. ಪಟ್ಟಿಯಲ್ಲಿ ನೂರಿನ್ನೂರು ಡಾಲರ್ ಎಂದಿರುವ ಪ್ಲಗಿನ್ ವರ್ಷದ ಬಹುಪಾಲು ದಿನ ಮೂವತ್ತು ಡಾಲರಿಗೆ ಸಿಗುವಾಗ, ಪಟ್ಟಿ ಬೆಲೆ ಕೊಟ್ಟ ಹಳಬ ಅದನ್ನು ನವೀಕರಿಸಲು ಕಟ್ಟುವ ಹಣ ಹೊಸದಾಗಿ ಕೊಳ್ಳುವ ಹಣದ ಹತ್ತಿರಕ್ಕೇ ಬರುವುದುಂಟು. ಅಪ್‌ಗ್ರೇಡ್ ದರ ನ್ಯಾಯವಾದುದೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು: ಅದನ್ನು ಹೊಸ ಖರೀದಿಯ ಪಟ್ಟಿ ಬೆಲೆಗೆ ಹೋಲಿಸಬಾರದು, ಆ ವರ್ಷದ ಅತಿ ಕಡಿಮೆ ರಿಯಾಯಿತಿ ಬೆಲೆಗೆ ಹೋಲಿಸಬೇಕು. ಅದರ ಅರ್ಧಕ್ಕಿಂತ ಕೆಳಗಿದ್ದರೆ ಹಳಬನಿಗೆ ಮರ್ಯಾದೆ ಇದೆ ಎಂದರ್ಥ. ಮೇಲಿದ್ದರೆ ನಿಷ್ಠೆಗೆ ದಂಡ ಹಾಕಿದಂತೆ.

ದರಕ್ಕಿಂತ ಮುಖ್ಯವಾದುದು ಮಾತು ಉಳಿಸಿಕೊಳ್ಳುವ ಚರಿತ್ರೆ. 2002ರ ಜುಲೈನಲ್ಲಿ ಆ್ಯಪಲ್ ಕಂಪನಿ ಲಾಜಿಕ್ ತಯಾರಿಸುತ್ತಿದ್ದ ಜರ್ಮನಿಯ ಇಮ್ಯಾಜಿಕ್ ಅನ್ನು ಕೊಂಡು, ವಿಂಡೋಸ್ ಆವೃತ್ತಿಯನ್ನೇ ನಿಲ್ಲಿಸಿತು. ಇಂದು ಉದಾರವಾಗಿ ಕಾಣುವ ಲಾಜಿಕ್, ಅಂದು ವಿಂಡೋಸ್‌ನಲ್ಲಿದ್ದ ತನ್ನ ಗಿರಾಕಿಗಳನ್ನು ನಡುದಾರಿಯಲ್ಲಿ ಬಿಟ್ಟಿತ್ತು. ಅಮೆರಿಕದ ಕೇಕ್‌ವಾಕ್ ಕಂಪನಿ 2016ರಲ್ಲಿ ಸೋನಾರ್ ತಂತ್ರಾಂಶಕ್ಕೆ ಜೀವನಪರ್ಯಂತ ಉಚಿತ ನವೀಕರಣ ಘೋಷಿಸಿ ಹಣ ಪಡೆಯಿತು. 2017ರ ನವೆಂಬರಿನಲ್ಲಿ ಮಾಲೀಕ ಗಿಬ್ಸನ್ ಅದರ ಅಭಿವೃದ್ಧಿಯನ್ನೇ ಕೈಬಿಟ್ಟಿತು. ಜೀವನಪರ್ಯಂತ ಎಂದರೆ ಗಿರಾಕಿಯ ಜೀವನವಲ್ಲ, ಕಂಪನಿಯದು ಎಂಬ ಪಾಠವನ್ನು ಅನೇಕರು ಆಗ ಕಲಿತರು. 2018ರ ಫೆಬ್ರುವರಿಯಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದರಿಂದ ಹಳೆಯ ಪ್ರಾಜೆಕ್ಟುಗಳು ಬದುಕಿದವು.

ಇಸ್ರೇಲಿನ ವೇವ್ಸ್ 2023ರ ಮಾರ್ಚ್ ಕೊನೆಯಲ್ಲಿ ಲೈಸೆನ್ಸ್ ಮಾರಾಟ ನಿಲ್ಲಿಸಿ, ಇನ್ನು ಚಂದಾ ಮಾತ್ರ ಎಂದು ಸಾರಿತು. ಜಗತ್ತಿನಾದ್ಯಂತ ಬಳಕೆದಾರರು ರೇಗಿದ ರೀತಿ ಹೇಗಿತ್ತೆಂದರೆ, ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಹಳೆಯ ಮಾರಾಟವನ್ನೂ ಮರಳಿ ತಂದಿತು. ಸ್ವರಲಿಪಿಯ ತಂತ್ರಾಂಶ ಫಿನಾಲೆಯ ಕತೆ ಇನ್ನೂ ಕಟುವಾದದ್ದು. 35 ವರ್ಷ ನಡೆದ ಅದನ್ನು ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟ್ 26ರಂದು ನಿಲ್ಲಿಸಿತು. ಒಂದು ವರ್ಷ ಕಳೆದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಅದನ್ನು ತೆರೆಯಲು ಅನುಮತಿಯನ್ನೂ ಕೊಡುವುದಿಲ್ಲ ಎಂದಿತ್ತು. ವಿರೋಧ ಬಂದ ಮೇಲೆ ಆ ಷರತ್ತನ್ನು ಹಿಂತೆಗೆದುಕೊಂಡಿತು. ಫಿನಾಲೆ ಗಿರಾಕಿಗಳಿಗೆ ಕ್ಯೂಬೇಸ್ ತಯಾರಿಸುವ ಸ್ಟೈನ್‌ಬರ್ಗ್‌ನ ಡೊರಿಕೋ ಪ್ರೋ 149 ಡಾಲರಿನ ಕ್ರಾಸ್‌ಗ್ರೇಡ್ ದರಕ್ಕೆ ಸಿಕ್ಕಿತು. ಡೊರಿಕೋ ಹುಟ್ಟಿದ್ದೂ ಇಂಥದೇ ಸಂದರ್ಭದಲ್ಲಿ: 2012ರಲ್ಲಿ ಆವಿಡ್ ಕಂಪನಿ ಸಿಬೆಲಿಯಸ್‌ನ ಲಂಡನ್ ಕಚೇರಿ ಮುಚ್ಚಿದಾಗ ಕೆಲಸ ಕಳೆದುಕೊಂಡವರನ್ನು ಸ್ಟೈನ್‌ಬರ್ಗ್ ಕರೆದುಕೊಂಡು, 2016ರಲ್ಲಿ ಡೊರಿಕೋವನ್ನು ಹೊರತಂದಿತು. ಅದೇ ಸ್ಟೈನ್‌ಬರ್ಗ್‌ನ ಹಳೆಯ ಕ್ಯೂಬೇಸ್‌ಗಳು ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ ಮೇಲೆ ನಡೆಯುತ್ತಿದ್ದವು. 2022ರ ಹನ್ನೆರಡನೇ ಆವೃತ್ತಿಯಿಂದ ಡಾಂಗಲ್ ಬೇಡವಾಯಿತು, 2025ರ ಮೇ 20ಕ್ಕೆ ಹಳೆಯ ಡಾಂಗಲ್ ಸೇವೆಯೇ ಮುಗಿಯಿತು. ಹನ್ನೊಂದು ಅಥವಾ ಅದಕ್ಕಿಂತ ಹಿಂದಿನ ಕ್ಯೂಬೇಸ್ ಇರುವ ಸ್ಟುಡಿಯೋದಲ್ಲಿ ಡಾಂಗಲ್ ಗಟ್ಟಿ ಇರುವಷ್ಟು ದಿನ ತಂತ್ರಾಂಶ ಓಡುತ್ತದೆ. ಅದು ಕಳೆದರೆ ಅಥವಾ ಕೆಟ್ಟರೆ ಲೈಸೆನ್ಸನ್ನು ಮತ್ತೆ ಪಡೆಯುವ ದಾರಿ ಮುಚ್ಚಿದೆ.

ಭಾರತದಲ್ಲಿ ಕೊಳ್ಳುವವನಿಗೆ ಈ ಎಲ್ಲದರ ಮೇಲೆ ಇನ್ನೂ ಕೆಲವು ಹೊರೆಗಳಿವೆ. ಇಂಟರ್ನೆಟ್ ಮೂಲಕ ವಿದೇಶಿ ಕಂಪನಿಯಿಂದ ಕೊಂಡ ತಂತ್ರಾಂಶಕ್ಕೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜೊತೆಗೆ ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಬ್ಯಾಂಕು ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಹಿಡಿದುಕೊಳ್ಳುತ್ತದೆ. 49 ಸಾವಿರದ ತಂತ್ರಾಂಶ ಕೈಗೆ ಬರುವಾಗ 60 ಸಾವಿರದ ಆಸುಪಾಸು ಆಗುವುದು ಹೀಗೆ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಈ ತೆರಿಗೆಯನ್ನು ತಾನೇ ಕಟ್ಟಿ, ಗಿರಾಕಿಗಳಿಂದ ಸಂಗ್ರಹಿಸಿದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ನೋಂದಣಿ ಇಲ್ಲದವರಿಗೆ ಅದು ನೇರ ಖರ್ಚು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಜೊತೆ ತಂತ್ರಾಂಶಕ್ಕೂ ಶೇ 40ರ ಸವಕಳಿ ತೋರಿಸಲು ಅವಕಾಶವಿದೆ. ಲೆಕ್ಕಪತ್ರ ಬರೆಯಿಸುವಾಗ ಇಮೇಲಿನಲ್ಲಿ ಬಂದ ಬಿಲ್ಲನ್ನು ಲೆಕ್ಕಿಗರ ಕೈಗೆ ಮುಟ್ಟಿಸುವುದನ್ನು ಮರೆತವರೇ ಹೆಚ್ಚು.

ಚಂದಾ ಕಟ್ಟುವವರಿಗೆ ರಿಸರ್ವ್ ಬ್ಯಾಂಕಿನ ನಿಯಮವೂ ಅಡ್ಡ ಬರುತ್ತದೆ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮುಂಚೆ ಗ್ರಾಹಕನಿಗೆ ಸೂಚನೆ ಕೊಡುವುದು ಕಡ್ಡಾಯವಾಯಿತು. ದೊಡ್ಡ ಮೊತ್ತಕ್ಕೆ ಪ್ರತಿ ಸಲವೂ ಒಟಿಪಿ ಬೇಕೆಂದಾಯಿತು. ಮೊದಲು 5 ಸಾವಿರ ರೂಪಾಯಿ ಇದ್ದ ಮಿತಿಯನ್ನು 2022ರ ಜೂನ್‌ನಲ್ಲಿ 15 ಸಾವಿರಕ್ಕೆ ಏರಿಸಲಾಯಿತು. ವರ್ಷಕ್ಕೆ 299 ಡಾಲರಿನ ಚಂದಾ 25 ಸಾವಿರ ದಾಟುವುದರಿಂದ ಅದು ತಾನಾಗಿ ನವೀಕರಣವಾಗುವುದಿಲ್ಲ. ಗ್ರಾಹಕನ ಹಣಕ್ಕೆ ಇದು ಒಳ್ಳೆಯ ಕಾವಲು. ಆದರೆ ನವೀಕರಣದ ದಿನ ಮರೆತರೆ, ನಾಳೆ ಬೆಳಿಗ್ಗೆ ಹಾಡು ಒಪ್ಪಿಸಬೇಕಾದವನ ತಂತ್ರಾಂಶ ಇಂದು ರಾತ್ರಿ ತೆರೆಯದೆ ಕೂರುತ್ತದೆ. ಮಳೆಗಾಲದಲ್ಲಿ ಬೈಂದೂರು ಕಡೆ ಮರ ಬಿದ್ದು ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಹೋಗುವ ದಿನಗಳಲ್ಲಿ, ಆಗಾಗ ಸರ್ವರನ್ನು ಕೇಳಿಯೇ ತೆರೆಯುವ ತಂತ್ರಾಂಶ ಇನ್ವರ್ಟರ್ ಇದ್ದರೂ ಕೈಕೊಡುತ್ತದೆ. ಕೊಳ್ಳುವ ಮೊದಲು ಇಂಟರ್ನೆಟ್ ಇಲ್ಲದೆ ಅದು ಎಷ್ಟು ದಿನ ನಡೆಯುತ್ತದೆಂದು ಕೇಳಿಕೊಳ್ಳುವುದು ಕರಾವಳಿಯವರಿಗೆ ಅಗತ್ಯ.

ತನಗೆ ಹೊಸತು ಬೇಡವಾಗಿದ್ದರೂ ಅಪ್‌ಗ್ರೇಡ್ ಮಾಡಲೇಬೇಕಾಗುವ ಒಂದು ಸಂದರ್ಭವಿದೆ. ಕಡತ ಹೊಸ ಆವೃತ್ತಿಯಿಂದ ಹಳತಕ್ಕೆ ಇಳಿಯುವುದಿಲ್ಲ. ಪರದೇಶದ ಸ್ಯಾಂಪಲ್ ಸಂಗ್ರಹಗಳಲ್ಲಿ ಚೆಂಡೆ, ಮದ್ದಳೆಯ ಬಡಗುತಿಟ್ಟಿನ ನಾದ ಸಿಗದ ಕಾರಣ ಸ್ಟುಡಿಯೋದವರು ಚೆಂಡೆಯ ಒಂದೊಂದು ಪೆಟ್ಟನ್ನೂ ಮೆಲ್ಲನೆ, ಜೋರಾಗಿ, ಅಂಚಿಗೆ, ನಡುವಿಗೆ ಎಂದು ಬೇರೆ ಬೇರೆಯಾಗಿ ಮುದ್ರಿಸಿ ಕೊಂಟಾಕ್ಟ್‌ನಲ್ಲಿ ತಮ್ಮದೇ ವಾದ್ಯವಾಗಿ ಜೋಡಿಸಿಕೊಳ್ಳಬಹುದು. ಆ ವಾದ್ಯವನ್ನು ಏಳನೇ ಆವೃತ್ತಿಯಲ್ಲಿ ಉಳಿಸಿದರೆ ಆರನೆಯದು ಅದನ್ನು ತೆರೆಯುವುದಿಲ್ಲ. ಬೆಂಗಳೂರಿನ ಸ್ಟುಡಿಯೋ ಹೊಸ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟ್ ಕಳಿಸಿದರೆ ಕೋಟದಲ್ಲಿ ಕೂತವನೂ ಅದೇ ಆವೃತ್ತಿಗೆ ಏರಬೇಕಾದ ಒತ್ತಡ ಹುಟ್ಟುವುದು ಹೀಗೆ. ಇದಕ್ಕೆ ಖರ್ಚಿಲ್ಲದ ಪರಿಹಾರವೂ ಇದೆ. ಪ್ರಾಜೆಕ್ಟ್ ಬದಲು ಪ್ರತಿ ಟ್ರ್ಯಾಕನ್ನೂ ಆರಂಭದ ಬಿಂದುವಿನಿಂದಲೇ ವೇವ್ ಕಡತವಾಗಿ ಹೊರತೆಗೆದು ಕಳಿಸಿಕೊಳ್ಳುವುದು. ವೇವ್ ಕಡತ ಯಾವ ತಂತ್ರಾಂಶದಲ್ಲೂ ತೆರೆಯುತ್ತದೆ, ಇಪ್ಪತ್ತು ವರ್ಷದ ನಂತರವೂ ತೆರೆಯುತ್ತದೆ. ಹಿರಿಯ ಭಾಗವತರ ಪದ್ಯಗಳನ್ನು ಮುದ್ರಿಸಿ ಕಾಪಿಡುವವರು ಪ್ರಾಜೆಕ್ಟ್ ಕಡತವನ್ನೊಂದೇ ನಂಬಿ ಕೂರಬಾರದು.

ಯಾವಾಗ ಏರಬೇಕು ಎಂಬುದಕ್ಕೆ ಇಲ್ಲಿಯ ಕೆಲಸದ ಕಾಲಮಾನವೇ ಉತ್ತರ ಕೊಡುತ್ತದೆ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟು ಮೇ ಕೊನೆಯ ಹೊತ್ತಿಗೆ ಮುಗಿಸುತ್ತವೆ. ಮದುವೆ, ಜಾತ್ರೆ, ವಾರ್ಷಿಕೋತ್ಸವಗಳೂ ಅದೇ ತಿಂಗಳುಗಳಲ್ಲಿ. ದೊಡ್ಡ ರಿಯಾಯಿತಿಗಳು ಬರುವ ನವೆಂಬರ್ ತಿಂಗಳು ಕೆಲಸದ ಭರಾಟೆ ಶುರುವಾಗುವ ತಿಂಗಳೂ ಹೌದು. ಆಗ ಕೊಂಡಿಟ್ಟುಕೊಳ್ಳಬಹುದು, ಆದರೆ ಆಗಲೇ ಕಂಪ್ಯೂಟರಿಗೆ ಹಾಕುವುದು ಜಾಣತನವಲ್ಲ. ಹೊಸ ಆವೃತ್ತಿಯ ಮೊದಲ ತಿಂಗಳುಗಳಲ್ಲಿ ದೋಷಗಳು ಹೊರಬೀಳುತ್ತವೆ, ಹಳೆಯ ಪ್ಲಗಿನ್‌ಗಳು ಮುನಿಸಿಕೊಳ್ಳುತ್ತವೆ. ನಡೆಯುತ್ತಿರುವ ಕೆಲಸದ ಮಧ್ಯೆ ತಂತ್ರಾಂಶ ಬದಲಿಸಬಾರದು ಎಂಬುದು ಎಲ್ಲ ಕಡೆಯ ಎಂಜಿನಿಯರುಗಳೂ ಒಪ್ಪುವ ನಿಯಮ. ಕೆಲಸ ಇಳಿಯುವ ಜೂನ್, ಜುಲೈ ತಿಂಗಳ ಮಳೆಯ ಬಿಡುವಿನಲ್ಲಿ ಹಳೆಯದನ್ನು ಪೂರ್ತಿ ನಕಲು ಮಾಡಿಟ್ಟು, ಹೊಸತನ್ನು ಹಾಕಿ, ಹಿಂದಿನ ವರ್ಷದ ನಾಲ್ಕಾರು ಪ್ರಾಜೆಕ್ಟ್ ತೆರೆದು ನೋಡಿ ಖಾತರಿ ಮಾಡಿಕೊಳ್ಳುವುದು ಕ್ಷೇಮ. ಪ್ರತಿ ಆವೃತ್ತಿಗೂ ಏರಬೇಕೆಂಬ ಹಟವೂ ಬೇಡ. ಒಂದನ್ನು ಬಿಟ್ಟು ಒಂದಕ್ಕೆ ಏರಿದರೆ ಖರ್ಚೂ ಉಳಿಯುತ್ತದೆ, ದೂರವೂ ಹೆಚ್ಚಾಗುವುದಿಲ್ಲ.

ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂಬುದನ್ನು ಅನೇಕರು ನೋಡುವುದೇ ಇಲ್ಲ. ಮಾಲೀಕ ಹಣ ಕೊಟ್ಟಿರುತ್ತಾನೆ, ಕಂಪ್ಯೂಟರ್ ಬಲ್ಲ ಹುಡುಗ ತನ್ನ ಇಮೇಲ್ ಹಾಕಿ ನೋಂದಾಯಿಸಿರುತ್ತಾನೆ. ಹುಡುಗ ದುಬೈಗೋ ಬೆಂಗಳೂರಿಗೋ ಹೋದ ಮೇಲೆ ಅಪ್‌ಗ್ರೇಡ್ ರಿಯಾಯಿತಿಯ ಪತ್ರಗಳು ಅವನ ಇಮೇಲಿಗೆ ಬೀಳುತ್ತಿರುತ್ತವೆ. ಕಂಪನಿಯ ಪುಸ್ತಕದಲ್ಲಿ ಗಿರಾಕಿ ಅವನೇ. ಇಬ್ಬರು ಸೇರಿ ನಡೆಸುವ ಸ್ಟುಡಿಯೋ ಪಾಲಾದರೆ ಸ್ಪೀಕರ್, ಮೈಕುಗಳನ್ನು ಹಂಚಿಕೊಳ್ಳಬಹುದು, ಲೈಸೆನ್ಸನ್ನು ಎರಡು ಮಾಡಲು ಬರುವುದಿಲ್ಲ. ಸ್ಟುಡಿಯೋದ ಹೆಸರಿನಲ್ಲೇ ಒಂದು ಇಮೇಲ್ ತೆರೆದು ಎಲ್ಲವನ್ನೂ ಅದರಲ್ಲಿ ನೋಂದಾಯಿಸುವುದು ಖರ್ಚಿಲ್ಲದ ರಕ್ಷಣೆ. ಮರುಮಾರಾಟದ ನಿಯಮವನ್ನೂ ಮೊದಲೇ ನೋಡಬೇಕು. ಸ್ಟೈನ್‌ಬರ್ಗ್, ಏಬಲ್ಟನ್‌ಗಳು ಲೈಸೆನ್ಸ್ ವರ್ಗಾವಣೆಗೆ ಅವಕಾಶ ಕೊಡುತ್ತವೆ. ಆ್ಯಪಲ್‌ನ ಆ್ಯಪ್ ಸ್ಟೋರಿನಲ್ಲಿ ಕೊಂಡದ್ದು ಕೊಂಡವನ ಖಾತೆಗೇ ಅಂಟಿಕೊಂಡಿರುತ್ತದೆ. ಮಾರಲು ಬರುವ ಲೈಸೆನ್ಸ್ ಸ್ವಲ್ಪ ದುಬಾರಿಯಾದರೂ ಆಸ್ತಿ.

ಕ್ರ್ಯಾಕ್ ಮಾಡಿದ ತಂತ್ರಾಂಶದ ಮಾತು ಬಿಟ್ಟರೆ ಈ ವಿಷಯ ಪೂರ್ತಿಯಾಗುವುದಿಲ್ಲ. 60 ಸಾವಿರದ ಎದುರು ಪುಕ್ಕಟೆಯ ಆಕರ್ಷಣೆ ಅರ್ಥವಾಗದ್ದೇನಲ್ಲ. ಭಕ್ತಿಗೀತೆಯೊಂದಕ್ಕೆ ಸಿಗುವ ಸಂಭಾವನೆ ನೋಡಿದರೆ ಇನ್ನೂ ಅರ್ಥವಾಗುತ್ತದೆ. ಆದರೆ ಕಾನೂನಿನ ಮಾತು ಒತ್ತಟ್ಟಿಗಿಟ್ಟರೂ ಅದರ ನಷ್ಟ ದೊಡ್ಡದು. ಅದರೊಡನೆ ಬರುವ ವೈರಸ್ ಗಿರಾಕಿಗಳ ಕಡತಗಳನ್ನೇ ನುಂಗಬಹುದು. ದೋಷ ತಿದ್ದುವ ಅಪ್‌ಡೇಟ್ ಸಿಗುವುದಿಲ್ಲ. ಎಷ್ಟು ವರ್ಷ ಬಳಸಿದರೂ ಕಂಪನಿಯ ಲೆಕ್ಕದಲ್ಲಿ ಅವನು ಗಿರಾಕಿಯೇ ಅಲ್ಲ. ಅಪ್‌ಗ್ರೇಡ್ ದರವಾಗಲಿ, ಕ್ರಾಸ್‌ಗ್ರೇಡ್ ರಿಯಾಯಿತಿಯಾಗಲಿ ಅವನಿಗೆ ಇಲ್ಲ. ಇಂದು 60 ಡಾಲರಿನ ರೀಪರ್ ಇದೆ, ಸುಮಾರು 5 ಸಾವಿರ ರೂಪಾಯಿಗೆ ಒಂದು ಪೂರ್ಣ ಪ್ರಮಾಣದ ಸ್ಟುಡಿಯೋ ನಡೆಸಬಹುದು. ಆಡಿಯೋ ಇಂಟರ್‌ಫೇಸ್ ಕೊಂಡಾಗ ಜೊತೆಗೆ ಬರುವ ಸಣ್ಣ ಆವೃತ್ತಿಗಳಿವೆ; ಅವುಗಳಿಂದ ದೊಡ್ಡ ಆವೃತ್ತಿಗೆ ಏರಲು ರಿಯಾಯಿತಿಯೂ ಇರುತ್ತದೆ. ಆ ಸಣ್ಣ ಆವೃತ್ತಿಯನ್ನು ನೋಂದಾಯಿಸದೆ ಪೆಟ್ಟಿಗೆಯೊಂದಿಗೆ ಎಸೆಯುವವರು ತಮಗೆ ಬರಬೇಕಾದ ಅನುಕೂಲವನ್ನೇ ಎಸೆಯುತ್ತಾರೆ.

ಒಟ್ಟಿನಲ್ಲಿ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ: ಹಣ ಕಟ್ಟುವುದನ್ನು ನಿಲ್ಲಿಸಿದ ದಿನ ಕೈಯಲ್ಲಿ ಏನು ಉಳಿಯುತ್ತದೆ? ಆರು ವರ್ಷಕ್ಕೆ ಒಟ್ಟು ಖರ್ಚೆಷ್ಟು? ಕಂಪನಿ ಹಿಂದೆ ತನ್ನ ಹಳೇ ಗಿರಾಕಿಗಳೊಂದಿಗೆ ಹೇಗೆ ನಡೆದುಕೊಂಡಿದೆ? ಲೈಸೆನ್ಸ್ ಬೇರೆಯವರಿಗೆ ಕೊಡಲು ಬರುತ್ತದೆಯೇ? ಅಪ್‌ಗ್ರೇಡ್ ಮಾಡುವ ಮೊದಲು ಕೇಳಬೇಕಾದದ್ದು ಒಂದೇ: ಈಗಿನ ಕೆಲಸ ಇದಿಲ್ಲದೆ ನಿಂತಿದೆಯೇ? ಇಲ್ಲವಾದರೆ ಕಾಯಬಹುದು. ಕಂಪನಿಗೆ ತೋರಿಸುವ ನಿಷ್ಠೆಗೆ ಬಡ್ಡಿ ಸಿಗುವ ಖಾತರಿ ಎಲ್ಲೂ ಇಲ್ಲ; ಅಪ್‌ಗ್ರೇಡಿಗೆ ಕೊಡುವ ಹಣ ಒಳ್ಳೆಯ ಮೈಕಿಗೆ, ಕೋಣೆಯ ಗೋಡೆಗೆ, ಹಿಮ್ಮೇಳದವರ ಸಂಭಾವನೆಗೆ ಹೋದರೆ ಕೇಳುವವರ ಕಿವಿಗೆ ಹೆಚ್ಚು ಉಪಕಾರ.